ತಂಗಳು ಯಾರ ಪಾಲು?

ನಮ್ಮ ಪಾಠಶಾಲೆಯ ಗೃಹವಿಜ್ಞಾನದ ತರಗತಿಯಲ್ಲಿ ಶೆಪರ್ಡ್ಸ್ ಪೈ ಎಂಬ ಇಂಗ್ಲಿಷ್ ಅಡಿಗೆಯನ್ನು ಇಂದಿಗೂ ಕಲಿಸುತ್ತಿರುವುದರ ವಿಷಯವಾಗಿ ತಾಯಿತಂದೆಗಳಲ್ಲಿ ಕೆಲವರು ನಮ್ಮನ್ನು ಪ್ರಶ್ನಿಸಿರುತ್ತಾರೆ. ಹುಡುಗಿಯರಿಗೆ ರಾಗಿಮುದ್ದೆಯನ್ನು ಗಂಟಿಲ್ಲದಂತೆ ತಿರುವಲು ಬಾರದಿರುವಾಗ ಪರದೇಶದ ಭಕ್ಷ್ಯವು ಯಾತಕ್ಕೆಂದು ಒಬ್ಬರು ಕೇಳಿದರು. ಮಗಳನ್ನು ಹೈಸ್ಕೂಲಿಗೆ ಕಳುಹಿಸಿದ್ದು ಗಣಿತವನ್ನೂ ವಿಜ್ಞಾನವನ್ನೂ ಕಲಿಯಲಿ ಎಂದೇ ಹೊರತು ಒಲೆಯ ಮುಂದೆ ನಿಲ್ಲಲಿ ಎಂದಲ್ಲವೆಂದು ಇನ್ನೊಬ್ಬರು ಹೇಳಿದರು. ಎರಡು ಮಾತುಗಳಲ್ಲಿಯೂ ನ್ಯಾಯವುಂಟು. ಆದಾಗ್ಯೂ ಈ ಅಡಿಗೆಯನ್ನು ಪಾಠದ ಪಟ್ಟಿಯಿಂದ ತೆಗೆಯಲು ನಮಗೆ ಮನಸ್ಸಿಲ್ಲ. ಪರೀಕ್ಷೆಯ ಫಲಿತಾಂಶಗಳೂ ಕಟ್ಟಡದ ನಿಧಿಯ ಲೆಕ್ಕವೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಇರುವುದರಿಂದ, ನಮ್ಮ ಪಾಲಿಗೆ ಬಂದಿರುವ ಪುಟಗಳಲ್ಲಿ ಇದರ ಕಾರಣವನ್ನು ವಿವರಿಸುವೆವು. ಹಳೆಯ ವಿದ್ಯಾರ್ಥಿನಿಯರಿಗೆ ಅಡಿಗೆಮನೆಯ ಆ ಶುಕ್ರವಾರದ ಪೀರಿಯಡ್ಡು ನೆನಪಿರಬಹುದು. ಆಲೂಗಡ್ಡೆ ಸುಲಿದ ಬೆರಳುಗಳು ಅಷ್ಟು ಬೇಗ ಮರೆಯಲಾರವು.

ಈ ಅಡಿಗೆಯನ್ನು ಅರಿಯದವರಿಗಾಗಿ ಅದೇನೆಂದು ಮೊದಲು ಹೇಳಬೇಕು. ಬೆಂದ ಕುರಿಮಾಂಸವನ್ನು ಸಣ್ಣಗೆ ಕೊಚ್ಚಿ, ಈರುಳ್ಳಿ ಗಜ್ಜರಿಗಳೊಂದಿಗೆ ಅದರದೇ ರಸದಲ್ಲಿ ಕುದಿಸಿ, ಅಗಲವಾದ ಪಾತ್ರೆಯಲ್ಲಿ ಹರಡಿ, ಮೇಲೆ ನುಣ್ಣಗೆ ಹಿಸುಕಿದ ಆಲೂಗಡ್ಡೆಯನ್ನು ಹೊದಿಸಿ, ಮೇಲ್ಭಾಗವು ಕೆಂಪಾಗುವವರೆಗೆ ಓವನ್ನಿನಲ್ಲಿ ಇಡುವುದು, ಇಷ್ಟೇ. ಶೆಪರ್ಡ್ ಎಂದರೆ ಕುರುಬನು. ಕುರಿಯ ಮಾಂಸವಾದುದರಿಂದ ಆ ಹೆಸರು. ದನದ ಮಾಂಸದಿಂದ ಮಾಡಿದರೆ ಅದನ್ನು ಕಾಟೇಜ್ ಪೈ ಎನ್ನುವರು. ಮೊದಲು ಈ ಎರಡು ಹೆಸರುಗಳನ್ನು ಒಂದೇ ಅಡಿಗೆಗೆ ಬೇಕಾದಂತೆ ಬಳಸುತ್ತಿದ್ದರು. ಕುರಿಗೊಂದು, ದನಕ್ಕೊಂದು ಎಂಬ ಕಟ್ಟುನಿಟ್ಟು ಆಮೇಲೆ ಬಂದದ್ದು. ಪೈ ಎಂಬ ಶಬ್ದವನ್ನು ಕೇಳಿದೊಡನೆ ನಮ್ಮ ಹುಡುಗಿಯರು ನಗುವುದುಂಟು. ಕರಾವಳಿಯಲ್ಲಿ ಅದು ಮನೆತನದ ಹೆಸರು; ಅಜ್ಜಿಯರ ಬಾಯಲ್ಲಿ ಅದು ನಾಣ್ಯ. ಹಳೆಯ ಲೆಕ್ಕದಲ್ಲಿ ಒಂದಾಣೆಗೆ 12 ಪೈ, ಒಂದು ರೂಪಾಯಿಗೆ 192 ಪೈ. ಆ ನಾಣ್ಯವು ಹೋಗಿ ಎಷ್ಟೋ ಕಾಲವಾದರೂ ಪೈ ಪೈಗೂ ಲೆಕ್ಕವಿಡುವವಳೆಂಬ ಮಾತು ಮಾತ್ರ ನಮ್ಮಲ್ಲಿ ಉಳಿದಿದೆ. ಇಂಗ್ಲಿಷರ ಪೈಗೂ ನಮ್ಮ ಪೈಗೂ ಸಂಬಂಧವೇನೂ ಇಲ್ಲ. ಆದರೆ ಈ ಒಂದು ಅಡಿಗೆಯ ಮಟ್ಟಿಗೆ ಆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಯಾಕೆಂದರೆ ಇದು ಉಳಿದದ್ದನ್ನು ಪೋಲು ಮಾಡದವಳ ಅಡಿಗೆ.

ಬ್ರಿಟನ್ನಿನಲ್ಲಿ ಅನುಕೂಲವಿದ್ದ ಮನೆಗಳಲ್ಲಿ ಭಾನುವಾರದ ಮಧ್ಯಾಹ್ನ ಕುರಿಯ ಅಥವಾ ದನದ ತೊಡೆಯ ದೊಡ್ಡ ತುಂಡೊಂದನ್ನು ಇಡಿಯಾಗಿ ಸುಟ್ಟು ಉಣ್ಣುವುದು ವಾಡಿಕೆಯಾಗಿತ್ತು. ಅದು ಒಂದೇ ಹೊತ್ತಿಗೆ ಮುಗಿಯುತ್ತಿರಲಿಲ್ಲ. ಸೋಮವಾರವು ಬಟ್ಟೆ ಒಗೆಯುವ ದಿನ. ನೀರು ಹೊತ್ತು, ಕಾಸಿ, ಹಿಂಡಿ ಸಾಯಂಕಾಲಕ್ಕೆ ಸೋತುಹೋದ ಹೆಂಗಸಿಗೆ ಹೊಸದಾಗಿ ಅಡಿಗೆ ಹೂಡಲು ತ್ರಾಣವೆಲ್ಲಿ? ಭಾನುವಾರದ ತಣ್ಣನೆಯ ಮಾಂಸವನ್ನೇ ಹಾಗೆಯೇ ಕೊಯ್ದು ಬಡಿಸುವರು, ಇಲ್ಲವೆ ಕೊಚ್ಚಿ ಆಲೂಗಡ್ಡೆಯ ಕೆಳಗೆ ಮರೆಸುವರು. ಕಾಟೇಜ್ ಪೈ ಎಂಬ ಹೆಸರು ನಾರ್‌ಫೋಕಿನ ಪಾದ್ರಿ ಜೇಮ್ಸ್ ವುಡ್‌ಫೋರ್ಡನ ದಿನಚರಿಯಲ್ಲಿ 1791ರಲ್ಲಿಯೇ ಬಂದಿದೆ; ಊಟತಿಂಡಿಯ ವಿಷಯದಲ್ಲಿ ಆತನಷ್ಟು ಶ್ರದ್ಧೆಯಿಂದ ದಿನಚರಿ ಬರೆದವರು ಕಡಿಮೆ. 19ನೆಯ ಶತಮಾನದ ಆರಂಭದಲ್ಲಿ ಮರಿಯಾ ರಂಡೆಲ್ ಎಂಬಾಕೆ ತನ್ನ ಪಾಕಗ್ರಂಥದಲ್ಲಿ, ಕೊಚ್ಚಿದ ಮಾಂಸವನ್ನು ಚಿಕ್ಕ ಬಟ್ಟಲುಗಳಲ್ಲಿ ತುಂಬಿ ಮೇಲೆ ಆಲೂಗಡ್ಡೆಯನ್ನು ಹೊದಿಸಿ ಕೆಂಪಾಗಿಸುವ ಕ್ರಮವನ್ನು ಬೇರೆ ಹೆಸರಿನಿಂದ ಹೇಳಿದ್ದಾಳೆ. ಶೆಪರ್ಡ್ಸ್ ಪೈ ಎಂಬ ಹೆಸರು ಅಚ್ಚಾದದ್ದು ಆ ಶತಮಾನದ ಮಧ್ಯಭಾಗದಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೊ ಪಟ್ಟಣದ ಪಾಕಪುಸ್ತಕವೊಂದರಲ್ಲಿ.

ಇವರೆಲ್ಲರಿಗಿಂತ ನಮಗೆ ಮೆಚ್ಚಿಕೆಯಾದವಳು ಇಸಬೆಲ್ಲಾ ಬೀಟನ್. 1861ರಲ್ಲಿ ಆಕೆಯ ಗೃಹಕೃತ್ಯದ ದೊಡ್ಡ ಗ್ರಂಥವು ಪುಸ್ತಕವಾಗಿ ಹೊರಬಿದ್ದಾಗ ಆಕೆಗೆ 25 ವರ್ಷ. ನಾಲ್ಕು ವರ್ಷಗಳು ತುಂಬುವ ಮೊದಲೇ, 28ನೆಯ ವಯಸ್ಸಿಗೇ ತೀರಿಕೊಂಡಳು. ಆ ಗ್ರಂಥದಲ್ಲಿ ಮಾಂಸದ ಅಡಿಗೆಗಳ ನಡುವೆ ತಣ್ಣನೆಯ ಮಾಂಸದ ಅಡಿಗೆ ಎಂಬ ಗುರುತು ಹಾಕಿದ ಪಾಕಗಳು ಬಹಳ ಇವೆ. ಉಳಿದ ಕುರಿಮಾಂಸವನ್ನು ಕೊಚ್ಚಿ, ಈರುಳ್ಳಿ, ಜಾಪತ್ರೆ ಇಲ್ಲವೆ ಜಾಯಿಕಾಯಿ, ಒಂದು ಬಟ್ಟಲು ಮಾಂಸರಸ, ಮೇಲೆ ಆಲೂಗಡ್ಡೆ ಹಾಕಿ ಬೇಯಿಸುವುದೂ ಅವುಗಳಲ್ಲಿ ಒಂದು. ಗಮನಿಸತಕ್ಕದ್ದೇನೆಂದರೆ, ಉಳಿದದ್ದರ ಅಡಿಗೆಯನ್ನು ಆಕೆ ಪುಸ್ತಕದ ಕೊನೆಗೆ ನೂಕಲಿಲ್ಲ. ಹೊಸ ಮಾಂಸದ ಅಡಿಗೆಗಳ ಪಕ್ಕದಲ್ಲಿಯೇ, ಅದೇ ಅಕ್ಷರಗಳಲ್ಲಿ, ಅಳತೆ ವೇಳೆಗಳ ಸಹಿತವಾಗಿ ಅಚ್ಚು ಹಾಕಿಸಿದಳು. 1870ರ ದಶಕದಿಂದ ಕೈಯಿಂದ ತಿರುಗಿಸುವ ಕೈಮಾ ಯಂತ್ರಗಳು ಮನೆಮನೆಗೂ ಬಂದ ಮೇಲೆ ಈ ಪೈ ಇನ್ನಷ್ಟು ಹಬ್ಬಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿಯೂ ಅದು ಮುಗಿದ ಮೇಲೆಯೂ, 1940ರ ಮಾರ್ಚಿಯಿಂದ 1954ರ ಜುಲೈವರೆಗೆ, ಅಲ್ಲಿ ಮಾಂಸವು ಪಡಿತರದ ಚೀಟಿಯ ಮೇಲೆ ದೊರೆಯುತ್ತಿತ್ತು. ಆಗ ಸ್ವಲ್ಪ ಮಾಂಸವನ್ನು ಬಹಳ ಆಲೂಗಡ್ಡೆಯ ಕೆಳಗೆ ಹರಡಿ ಇಡೀ ಸಂಸಾರಕ್ಕೆ ಒದಗಿಸಲು ಗೃಹಿಣಿಯರಿಗೆ ಇದು ಬಹಳವಾಗಿ ನೆರವಾಯಿತು.

ಆದರೆ ಇಂಗ್ಲಿಷರ ಮನೆಗಳನ್ನು ಸುಮ್ಮಸುಮ್ಮನೆ ಹೊಗಳಿ, ನಮ್ಮವನ್ನು ತೆಗಳುವ ಪದ್ಧತಿ ನಮಗೆ ಸಮ್ಮತವಲ್ಲ. ಮಿಷನ್ ಶಾಲೆಗಳಲ್ಲಿ ಓದಿದ ನಮ್ಮಂಥವರಿಗೆ ಆ ಚಾಳಿ ಬೇಗ ಅಂಟುತ್ತದಾದ ಕಾರಣ ಇದನ್ನು ಒತ್ತಿ ಹೇಳುತ್ತೇವೆ. ಲಂಡನ್ ಪಟ್ಟಣದ ಲ್ಯಾಂಬೆತ್ ಭಾಗದಲ್ಲಿ 1909ರಿಂದ 1913ರವರೆಗೆ ಕೆಲವು ಹೆಂಗಸರು ವಾರಕ್ಕೆ ಸುಮಾರು ಒಂದು ಪೌಂಡು ಗಳಿಸುವ ಕೂಲಿಕಾರರ ಮನೆಗಳಿಗೆ ತಪ್ಪದೆ ಹೋಗಿ, ಅಲ್ಲಿಯ ಗೃಹಿಣಿಯರಿಂದ ಖರ್ಚಿನ ಲೆಕ್ಕವನ್ನು ಬರೆಯಿಸಿಕೊಂಡರು. ಆ ಲೆಕ್ಕಗಳನ್ನು ಕೂಡಿಸಿ ಮಾಡ್ ಪೆಂಬರ್ ರೀವ್ಸ್ ಎಂಬಾಕೆ 1913ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದಳು. ಮನೆಗೆ ತಂದ ಮಾಂಸದ ಬಹುಭಾಗವು ದುಡಿಯುವ ಗಂಡಸಿನ ತಟ್ಟೆಗೆ ಹೋಗುತ್ತಿತ್ತೆಂದೂ, ತಾಯಿಮಕ್ಕಳು ಬ್ರೆಡ್ಡು, ಆಲೂಗಡ್ಡೆ, ತುಸು ರಸ ಇವುಗಳಲ್ಲಿಯೇ ದಿನ ಕಳೆಯುತ್ತಿದ್ದರೆಂದೂ ಅದರಲ್ಲಿ ಕಾಣುತ್ತದೆ. ಗಂಡಸಿನ ಮೈಯ ಬಲವೇ ಮನೆಯ ಸಂಪಾದನೆಯಾದುದರಿಂದ ಹೆಂಗಸರು ಅದನ್ನು ಅನ್ಯಾಯವೆನ್ನದೆ ಅವಶ್ಯವೆಂದೇ ತಿಳಿದಿದ್ದರು. ಪಾತ್ರೆಯು ತಾನಾಗಿ ನ್ಯಾಯವನ್ನು ಕಲಿಸುವುದಿಲ್ಲವೆಂಬುದನ್ನು ಅರಿಯಲು ಲ್ಯಾಂಬೆತ್ತಿನ ಈ ಲೆಕ್ಕವು ಸಾಕು.

ಇನ್ನು ನಮ್ಮ ಮನೆಗಳ ಮಾತು. ನಮ್ಮ ಭಾಷೆಯಲ್ಲಿ ಉಳಿದ ಅನ್ನಕ್ಕೆ ಎರಡು ಹೆಸರುಗಳುಂಟು: ಒಂದು ತಂಗಳು, ಇನ್ನೊಂದು ಎಂಜಲು. ಪಾತ್ರೆಯಲ್ಲಿ ಉಳಿದು ರಾತ್ರಿಯನ್ನು ಕಳೆದದ್ದು ತಂಗಳು. ತಟ್ಟೆಯಲ್ಲಿ ಬಿಟ್ಟದ್ದು ಎಂಜಲು. ಎಂಜಲನ್ನು ಯಾರೂ ಉಣ್ಣಬಾರದೆಂದು ನಾವು ಕಲಿಸುತ್ತೇವೆ. ತಂಗಳು ಹಾಗಲ್ಲ. ತಂಗಳನ್ನಕ್ಕೆ ಮಜ್ಜಿಗೆ ಬೆರೆಸಿ ಉಂಡು ಹೊಲಕ್ಕೆ ಹೋದವರೇ ನಮ್ಮ ನಾಡನ್ನು ಸಾಕಿದ್ದು. ರಾತ್ರಿಯ ಅನ್ನಕ್ಕೆ ಬೆಳಿಗ್ಗೆ ಸಾಸಿವೆ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟು ನಿಂಬೆಹಣ್ಣು ಹಿಂಡಿದರೆ ಚಿತ್ರಾನ್ನವಾಗುತ್ತದೆ. ಅದನ್ನು ಯಜಮಾನರೂ ಉಣ್ಣುವರು, ನೆಂಟರೂ ಉಣ್ಣುವರು. ಮೀನಿನ ಸಾರು ಮರುದಿನವೇ ಹೆಚ್ಚು ರುಚಿಯೆಂದು ಕರಾವಳಿಯವರು ಪ್ರಮಾಣ ಮಾಡಿ ಹೇಳುವರು. ಹಾಗಾದರೆ ತಂಗಳು ಕೀಳು ಆಗುವುದು ಯಾವಾಗ? ಅದಕ್ಕೆ ಒಗ್ಗರಣೆಯನ್ನೂ ಹೆಸರನ್ನೂ ಕೊಡದೆ, ಹೊಸ ಅನ್ನವನ್ನು ಪಡಸಾಲೆಗೆ ಕಳುಹಿಸಿ, ಹಳೆಯದನ್ನು ಅಡಿಗೆಮನೆಯಲ್ಲಿಯೇ ಒಬ್ಬಳು ಉಂಡು ಮುಗಿಸುವಾಗ. ಆ ಒಬ್ಬಳು ಯಾರೆಂದು ಓದುಗರಿಗೆ ನಾವು ಹೇಳಬೇಕಾಗಿಲ್ಲ. ಅವಳು ತಾಯಿ, ಇಲ್ಲದಿದ್ದರೆ ಸೊಸೆ, ಅವಳೂ ಇಲ್ಲದಿದ್ದರೆ ದೊಡ್ಡ ಮಗಳು.

ಮಾಂಸದ ಅಡಿಗೆಯ ದಿನ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಸಾರಿನಲ್ಲಿ ತುಂಡುಗಳು ಎಣಿಕೆಯವು. ಮೊದಲ ಪಂಕ್ತಿಗೆ ಗಂಡಸರು, ಎರಡನೆಯದಕ್ಕೆ ಹುಡುಗರು, ಆಮೇಲೆ ಹುಡುಗಿಯರು. ಸೌಟು ಹಿಡಿದವಳ ಪಾಲಿಗೆ ಬರುವಷ್ಟರಲ್ಲಿ ಮೂಳೆಯೂ ಮಸಾಲೆಯೂ ಉಳಿದಿರುತ್ತವೆ. ದೋಸೆಯ ದಿನ ಆಕೆ ಕಾವಲಿಯ ಮುಂದೆ ನಿಂತೇ ಇರಬೇಕು, ಏಕೆಂದರೆ ಆರಿದ ದೋಸೆಯನ್ನು ಯಾರೂ ಒಲ್ಲರು. ಎಲ್ಲರ ತಟ್ಟೆಗೂ ಬಿಸಿ ಬಿಸಿಯಾಗಿ ಬಡಿಸಿದವಳು ತಾನು ಮಾತ್ರ ಆರಿದ್ದನ್ನು ಉಣ್ಣುತ್ತಾಳೆ. ಇದನ್ನು ತ್ಯಾಗವೆಂದು ಹೊಗಳಿ ಭಾಷಣ ಮಾಡುವವರನ್ನು ಬಹುಮಾನ ವಿತರಣೆಯ ಸಭೆಗಳಲ್ಲಿ ನಾವು ಬೇಕಾದಷ್ಟು ಕೇಳಿದ್ದೇವೆ. ವೈದ್ಯರ ಲೆಕ್ಕವು ಅಷ್ಟು ಮಧುರವಾಗಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆಯುಂಟು. ಅದೇ ವಯಸ್ಸಿನ ಗಂಡಸರಲ್ಲಿ ಶೇಕಡ 25. ಹೈಸ್ಕೂಲನ್ನು ಬಿಡುವ ವಯಸ್ಸಿನ, ಅಂದರೆ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡ 59. ರಕ್ತಹೀನತೆಗೆ ಕಾರಣಗಳು ಹಲವು. ಮುಟ್ಟು, ಹೆರಿಗೆ, ಜಂತುಹುಳು, ಬಡತನ ಎಲ್ಲವೂ ಸೇರಿವೆ. ಎಲ್ಲವನ್ನೂ ಸೌಟಿನ ಮೇಲೆ ಹೊರಿಸುವುದು ಸರಿಯಲ್ಲ. ಆದರೂ ಮಾಂಸದಲ್ಲಿರುವ ಕಬ್ಬಿಣದ ಅಂಶವು ಸೊಪ್ಪುಕಾಳುಗಳದ್ದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆಂಬುದು ನಿಶ್ಚಯವಾಗಿರುವಾಗ, ಮಾಂಸವನ್ನು ತಿನ್ನುವ ಮನೆಯಲ್ಲಿ ಅದರ ಅಗತ್ಯವು ಹೆಚ್ಚಾಗಿ ಇರುವವಳಿಗೇ ಅದು ಕಡಿಮೆಯಾಗಿ ಸಿಕ್ಕುವುದು ಯಾವ ಶಾಸ್ತ್ರಕ್ಕೆ ಒಪ್ಪುವುದು?

ಶೆಪರ್ಡ್ಸ್ ಪೈಯನ್ನು ನಾವು ಬಿಡದಿರುವುದರ ಕಾರಣ ಇದೇ. ಅದರಲ್ಲಿ ಎರಡು ಗುಣಗಳುಂಟು. ಮೊದಲನೆಯದಾಗಿ, ಮಾಂಸವನ್ನು ಕೊಚ್ಚಿದ ಮೇಲೆ ಒಳ್ಳೆಯ ತುಂಡು, ಕೆಟ್ಟ ತುಂಡು ಎಂಬುದು ಇರುವುದಿಲ್ಲ. ಆರು ಮಂದಿಗೆ ಆರು ಚೌಕಗಳಾಗಿ ಕೊಯ್ದರೆ ಆರರಲ್ಲಿಯೂ ಒಂದೇ ಮಾಂಸ. ಎರಡನೆಯದು ಇದಕ್ಕಿಂತಲೂ ದೊಡ್ಡದೆಂದು ನಮ್ಮ ಎಣಿಕೆ. ಪಾತ್ರೆಯು ಓವನ್ನಿನಲ್ಲಿ ಬೇಯುವ ಅರ್ಧ ತಾಸು ಅಡಿಗೆ ಮಾಡಿದವಳಿಗೆ ಮಾಡಲು ಏನೂ ಕೆಲಸವಿಲ್ಲ. ಕೈ ತೊಳೆದು, ಸೆರಗಿನಿಂದ ಮುಖವನ್ನು ಒರೆಸಿಕೊಂಡು, ಎಲ್ಲರೊಡನೆ ಕುಳಿತುಕೊಳ್ಳಬಹುದು. ಪೈ ಒಂದೇ ಸಲ ಇಡಿಯಾಗಿ ಮೇಜಿಗೆ ಬರುತ್ತದೆ. ಅದಕ್ಕಾಗಿ ಒಲೆಯ ಮುಂದೆ ನಿಲ್ಲುವವರು ಯಾರೂ ಬೇಕಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದಾಳೆ. ರಾತ್ರಿಯ ಪಾಳಿ ಇರುವ ದಿನ ಮಧ್ಯಾಹ್ನವೇ ಪೈಯನ್ನು ಸಿದ್ಧಪಡಿಸಿ ಫ್ರಿಜ್ಜಿನಲ್ಲಿಟ್ಟು ಹೋಗುವಳಂತೆ. ಸಾಯಂಕಾಲ ಆಕೆಯ ಗಂಡನು ಅದನ್ನು ಓವನ್ನಿಗೆ ಹಾಕಿ ಮಕ್ಕಳಿಗೆ ಬಡಿಸುವನು. ಊರಿನಿಂದ ತಾಯಿ ಹೋಗಿ ಮೂರು ತಿಂಗಳು ಅವರೊಡನೆ ಇದ್ದರು. ಚಪಾತಿಯ ದಿನವೂ ದೋಸೆಯ ದಿನವೂ ಎಷ್ಟು ಕರೆದರೂ ಅಮ್ಮನು ಒಲೆಯನ್ನು ಬಿಟ್ಟು ಬರಲಿಲ್ಲ, ಆದರೆ ಪೈ ಮಾಡಿದ ದಿನ ನಿಲ್ಲುವುದಕ್ಕೆ ನೆಪವೇ ಸಿಕ್ಕದೆ ಸುಮ್ಮನೆ ಬಂದು ಕುಳಿತರು, ಟೀಚರ್, ಎಂದು ಆಕೆ ನಮಗೆ ಬರೆದಿದ್ದಾಳೆ. ಅಮ್ಮನಿಗೆ ರುಚಿ ಹಿಡಿಸಲಿಲ್ಲವಂತೆ, ಉಪ್ಪಿನಕಾಯಿ ಕೇಳಿದರಂತೆ. ಅದು ಬೇರೆ ಮಾತು.

ಪರದೇಶದ್ದೆಂಬ ಆಕ್ಷೇಪಣೆಯನ್ನು ನಾವು ಅಷ್ಟಾಗಿ ಗಣಿಸುವುದಿಲ್ಲ. ಆಲೂಗಡ್ಡೆಯೇ ದಕ್ಷಿಣ ಅಮೆರಿಕದಿಂದ ಬಂದದ್ದು; ಅದು ಇಂದು ಹಾಸನ, ಕೋಲಾರ, ಚಿಕ್ಕಬಳ್ಳಾಪುರಗಳ ರೈತರ ಬೆಳೆ. ಈ ಪೈಗೆ ಇಂಗ್ಲಿಷರು ನಾಲ್ಕು ಹನಿ ಹಾಕುವ ವೂಸ್ಟರ್ ಸಾಸಿನ ಸೀಸೆಯಲ್ಲಿ ಹುಣಸೆಹಣ್ಣು ಸೇರಿರುವುದನ್ನು ಅದರ ಚೀಟಿಯಲ್ಲಿಯೇ ಓದಬಹುದು. ಆ ಸೀಸೆಯು ಇಲ್ಲದ ಮನೆಯಲ್ಲಿ ಒಂದು ಚಮಚ ಹುಣಸೆರಸವನ್ನು ಹಾಕಿದರೆ ಯಾವ ಅಪರಾಧವೂ ಇಲ್ಲ. ಮುದ್ದೆಯನ್ನು ಕಲಿಸುವುದಿಲ್ಲವೇ ಎಂದರೆ, ಕಲಿಸುತ್ತೇವೆ. ಅದೂ ಒಂದೇ ಸಲ ಇಳಿಸಿ ಎಲ್ಲರಿಗೂ ಸಮನಾಗಿ ಉಂಡೆ ಕಟ್ಟುವ ಅಡಿಗೆಯಾದುದರಿಂದ ಈ ಲೆಕ್ಕದಲ್ಲಿ ಪೈಯ ನೆಂಟನೇ ಸರಿ. ಮಾಂಸವನ್ನು ತಿನ್ನದ ಮನೆಯ ಹುಡುಗಿಯರು ಇಡೀ ಹೆಸರುಕಾಳನ್ನೋ ಕಪ್ಪು ಕಡಲೆಯನ್ನೋ ಮೆತ್ತಗೆ ಬೇಯಿಸಿ, ಅರೆಬರೆ ಜಜ್ಜಿ, ಕೆಳಗೆ ಹರಡುತ್ತಾರೆ. ಅವರ ಪಾತ್ರೆಗಳೂ ಸೌಟುಗಳೂ ಬೇರೆಯಾಗಿಯೇ ಇರುತ್ತವೆ. ಹೈಸ್ಕೂಲಿನಲ್ಲಿ ಅಡಿಗೆಯೇ ಬೇಡವೆಂದ ತಂದೆಗೆ ಮಾತ್ರ ಒಂದು ಪ್ರಶ್ನೆಯನ್ನು ಕೇಳಬೇಕಾಗಿದೆ: ಗಣಿತವನ್ನು ಕಲಿತ ಮಗಳು ಆರು ಮಂದಿಯ ಮನೆಯಲ್ಲಿ ತನ್ನ ಪಾಲು ಆರರಲ್ಲೊಂದು ಎಂದು ಎಲ್ಲಿ ಲೆಕ್ಕ ಮಾಡಬೇಕು? ಅಣ್ಣತಮ್ಮಂದಿರಿಗೂ ಇದನ್ನು ಕಲಿಸುವುದು ಒಳ್ಳೆಯದು. ನಮ್ಮದು ಹೆಣ್ಣುಮಕ್ಕಳ ಶಾಲೆಯಾದುದರಿಂದ ಆ ಕೆಲಸವನ್ನು ಮನೆಯವರಿಗೇ ಬಿಟ್ಟಿದ್ದೇವೆ.

ಇನ್ನು ಮಾಡುವ ಕ್ರಮ. ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಕೇಳಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುವೆವು. ಆರು ಮಂದಿಗೆ ಎಲುಬಿಲ್ಲದ ಮಾಂಸ ಅರ್ಧ ಕಿಲೋ, ಆಲೂಗಡ್ಡೆ ಒಂದು ಕಿಲೋ, ದೊಡ್ಡ ಈರುಳ್ಳಿ ಎರಡು, ಗಜ್ಜರಿ ಎರಡು, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಹಸಿ ಬಟಾಣಿ, ಒಂದು ದೊಡ್ಡ ಚಮಚ ಮೈದಾ, ಒಂದೂವರೆ ಬಟ್ಟಲು ಮಾಂಸದ ರಸ, ಬೆಣ್ಣೆ, ಹಾಲು, ಉಪ್ಪು, ಕಾಳುಮೆಣಸು. ನಮ್ಮ ಮನೆಗಳಲ್ಲಿ ಇಡಿಯಾಗಿ ಸುಟ್ಟ ತೊಡೆಯು ಉಳಿಯುವುದಿಲ್ಲ. ಉಳಿಯುವುದು ಭಾನುವಾರದ ಸಾರಿನ ಇಲ್ಲವೆ ಹುರುಕಲಿನ ತುಂಡುಗಳು. ಅವುಗಳ ಎಲುಬನ್ನು ಬಿಡಿಸಿ, ಕತ್ತಿಯಿಂದ ಸಣ್ಣಗೆ ಕೊಚ್ಚಿದರೆ ಆಯಿತು. ಆಗ ಧನಿಯ, ಚಕ್ಕೆ, ಲವಂಗಗಳ ಪರಿಮಳವು ಬಂದೇ ಬರುತ್ತದೆ. ಇಂಗ್ಲಿಷನೊಬ್ಬನು ಅದನ್ನು ತನ್ನ ಅಡಿಗೆಯೆಂದು ಒಪ್ಪಲಾರನು. ಅವನನ್ನು ಒಪ್ಪಿಸುವುದು ನಮ್ಮ ಉದ್ದೇಶವೂ ಅಲ್ಲ. ಏನೂ ಉಳಿಯದಿದ್ದರೆ ಹೊಸ ಮಾಂಸವನ್ನೇ ತಂದು ಕೈಮಾ ಮಾಡಿಸಿರಿ. ಆದರೆ ತುಂಡನ್ನು ಕಣ್ಣಿನಿಂದ ನೋಡಿ, ಎದುರಿನಲ್ಲಿಯೇ ಕೊಚ್ಚಿಸಬೇಕು. 2013ರಲ್ಲಿ ಐರ್ಲೆಂಡ್, ಬ್ರಿಟನ್ ಮೊದಲಾದ ದೇಶಗಳಲ್ಲಿ ದನದ ಮಾಂಸದ್ದೆಂದು ಮಾರಿದ ಸಿದ್ಧ ಅಡಿಗೆಗಳಲ್ಲಿ ಕುದುರೆಯ ಮಾಂಸವು ಕಂಡುಬಂದು ದೊಡ್ಡ ಗದ್ದಲವಾಯಿತು. ಕೊಚ್ಚಿದ ಮಾಂಸಕ್ಕೆ ಬಾಯಿಲ್ಲ. ತಾನು ಯಾವ ಪ್ರಾಣಿಯದೆಂದು ಅದು ಹೇಳಲಾರದು.

ಈರುಳ್ಳಿಯನ್ನು ನಿಧಾನವಾಗಿ ಹೊಂಬಣ್ಣಕ್ಕೆ ಹುರಿಯಿರಿ, ಗಜ್ಜರಿಯನ್ನೂ ಬೆಳ್ಳುಳ್ಳಿಯನ್ನೂ ಸೇರಿಸಿರಿ. ಹಸಿಯ ಕೈಮಾವಾದರೆ ಈಗ ಹಾಕಿ ನೀರೆಲ್ಲ ಆರಿ ತಳದಲ್ಲಿ ಕಂದು ಬಣ್ಣ ಹಿಡಿಯುವವರೆಗೆ ಹುರಿಯಬೇಕು. ಅವಸರದಲ್ಲಿ ಬೂದುಬಣ್ಣದಲ್ಲಿಯೇ ನಿಲ್ಲಿಸಿದರೆ ರುಚಿ ಬಾರದು. ಮೈದಾವನ್ನು ಉದುರಿಸಿ ಒಂದು ನಿಮಿಷ ಕೈಯಾಡಿಸಿ, ರಸವನ್ನು ಹೊಯ್ದು, ಹಸಿಯದಾದರೆ ಮುಕ್ಕಾಲು ತಾಸು, ಮೊದಲೇ ಬೆಂದದ್ದಾದರೆ ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿರಿ. ಕೊನೆಗೆ ಬಟಾಣಿ. ಸೌಟಿನಿಂದ ದಾರಿ ಮಾಡಿದರೆ ಕ್ಷಣಮಾತ್ರ ಪಾತ್ರೆಯ ತಳ ಕಾಣಬೇಕು, ಅಷ್ಟು ಗಟ್ಟಿ. ನೀರಾಗಿದ್ದರೆ ಮೇಲಿನ ಆಲೂಗಡ್ಡೆಯು ಮುಳುಗುವುದು. ಇದೇ ಕಾರಣದಿಂದ, ಹರಡಿದ ಮಾಂಸವು ಸ್ವಲ್ಪ ಆರಿದ ಮೇಲೆಯೇ ಆಲೂಗಡ್ಡೆಯನ್ನು ಹೊದಿಸಬೇಕು.

ಆಲೂಗಡ್ಡೆಯ ವಿಷಯದಲ್ಲಿ ನಾವು ಸ್ವಲ್ಪ ಕಠಿಣರೆಂದು ಹೆಸರು ಪಡೆದಿದ್ದೇವೆ. ಎಳೆಯ ಗಡ್ಡೆಗಳು ಇದಕ್ಕೆ ಒದಗವು. ಬಲಿತ, ಬೆಂದಾಗ ಹಿಟ್ಟುಹಿಟ್ಟಾಗಿ ಒಡೆಯುವ ಜಾತಿ ಬೇಕು. ಸುಲಿದು, ಸಮನಾದ ತುಂಡುಗಳಾಗಿ ಕೊಯ್ದು, ಉಪ್ಪುನೀರಿನಲ್ಲಿ ಬೇಯಿಸಿ, ನೀರನ್ನು ಪೂರ್ತಿಯಾಗಿ ಬಸಿದು, ಖಾಲಿ ಪಾತ್ರೆಯಲ್ಲಿ ಮತ್ತೆ ಒಂದೆರಡು ನಿಮಿಷ ಉರಿಯ ಮೇಲಿಟ್ಟು ಹಬೆಯಾಡಿಸಬೇಕು. ಬಿಸಿಯಿರುವಾಗಲೇ ಕಡೆಗೋಲಿನಿಂದ ಇಲ್ಲವೆ ಮರದ ಸೌಟಿನಿಂದ ಹಿಸುಕಿ, ಬೆಣ್ಣೆಯನ್ನೂ ಬಿಸಿ ಹಾಲನ್ನೂ ಸೇರಿಸಬೇಕು. ಮಿಕ್ಸಿಯಲ್ಲಿ ಹಾಕಿ ತಿರುಗಿಸಿದರೆ ಗಡ್ಡೆಯ ಕಣಗಳು ಒಡೆದು ಪಿಷ್ಟವು ಹೊರಬಿದ್ದು, ಪುಸ್ತಕಗಳಿಗೆ ರಟ್ಟು ಅಂಟಿಸುವ ಸರಿಯಂತೆ ಆಗುತ್ತದೆ. ಹೊದಿಸುವಾಗ ಅಂಚಿನಿಂದ ಆರಂಭಿಸಿ ನಡುವಿಗೆ ಬನ್ನಿರಿ, ಇಲ್ಲವಾದರೆ ರಸವು ಅಂಚಿನಲ್ಲಿ ಉಕ್ಕುವುದು. ಮುಳ್ಳುಚಮಚದಿಂದ ಮೇಲೆ ಸಾಲುಸಾಲಾಗಿ ಗೀರಿರಿ. ಈ ಗೀರುಗಳ ನೆತ್ತಿಗಳೇ ಕೆಂಪಾಗಿ ಗರಿಗರಿಯಾಗುವುವು. 200 ಡಿಗ್ರಿಯ ಓವನ್ನಿನಲ್ಲಿ ಅರ್ಧ ತಾಸು.

ಓವನ್ನಿಲ್ಲದ ಮನೆಯವರು ನಿರಾಶರಾಗಬೇಕಾಗಿಲ್ಲ. ರಂಡೆಲ್ಲಳ ಕಾಲದಲ್ಲಿ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿಯೂ ಓವನ್ ಇರಲಿಲ್ಲ. ಸಾಲಮಾಂಡರ್ ಎಂಬ ಉದ್ದ ಹಿಡಿಯ ಕಬ್ಬಿಣದ ಬಿಲ್ಲೆಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅಡಿಗೆಯ ಮೇಲೆ ಸೋಕದಂತೆ ಹಿಡಿದು ಬಣ್ಣ ಬರಿಸುತ್ತಿದ್ದರು. ನಮ್ಮಲ್ಲಿ ದಪ್ಪ ತಳದ ಪಾತ್ರೆಯನ್ನು ಸಣ್ಣ ಉರಿಯ ಮೇಲಿಟ್ಟು, ಕಬ್ಬಿಣದ ಕಾವಲಿಯನ್ನು ಮುಚ್ಚಿ, ಅದರ ಮೇಲೆ ಕೆಂಡವನ್ನು ಹರಡಿದರೆ ಅದೇ ಕೆಲಸವಾಗುತ್ತದೆ. ಗ್ಯಾಸಿನ ಒಲೆ ಮಾತ್ರ ಇರುವವರು ಕಾವಲಿಯನ್ನು ಚೆನ್ನಾಗಿ ಕಾಯಿಸಿ ಎರಡು ಮೂರು ಸಲ ಮುಚ್ಚಬೇಕು. ಬಣ್ಣವು ಓವನ್ನಿನಷ್ಟು ಸಮನಾಗಿ ಬಾರದು.

ತಂಗಳನ್ನು ಗೌರವಿಸಿರೆಂದು ಹೇಳಿದವರು ಅದರ ಅಪಾಯವನ್ನೂ ಹೇಳಬೇಕು. ಇಂಗ್ಲೆಂಡಿನ ಚಳಿಗೆ ನಡೆದ ಪದ್ಧತಿಗಳೆಲ್ಲ ನಮ್ಮ ಸೆಕೆಗೆ ನಡೆಯಲಾರವು. ಬೇಯಿಸಿದ ಮಾಂಸವನ್ನು ಎರಡು ತಾಸಿಗಿಂತ ಹೆಚ್ಚು ಹೊರಗೆ ಇಡಬಾರದು. ಹವೆಯು 32 ಡಿಗ್ರಿಯನ್ನು ಮೀರಿದ ದಿನಗಳಲ್ಲಿ ಒಂದೇ ತಾಸು. ದೊಡ್ಡ ಪಾತ್ರೆಯಲ್ಲಿ ಮೆಲ್ಲನೆ ಆರುವ ಮಾಂಸರಸದಲ್ಲಿ ರೋಗಾಣುಗಳು ಬಹಳ ಬೇಗ ಹೆಚ್ಚುವುದರಿಂದ, ಅಗಲವಾದ ತಟ್ಟೆಗೆ ಸುರಿದು ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಿರಿ. ಎರಡು ದಿನಗಳೊಳಗೆ ಪೈ ಮಾಡಬೇಕು, ನಡುಭಾಗದಿಂದಲೂ ಹಬೆ ಏಳುವಂತೆ ಬಿಸಿ ಮಾಡಬೇಕು, ಮತ್ತೆ ಉಳಿದರೆ ಮೂರನೆಯ ಸಲ ಬಿಸಿ ಮಾಡಬಾರದು. ವಾಸನೆ ನೋಡಿ ನಿರ್ಣಯಿಸುವ ಅಜ್ಜಿಯರ ಮೂಗಿನ ಮೇಲೆ ನಮಗೆ ಗೌರವವುಂಟು, ಆದರೆ ಎಲ್ಲ ಕೇಡಿಗೂ ವಾಸನೆ ಇರುವುದಿಲ್ಲ. ಫ್ರಿಜ್ಜಿಲ್ಲದ ಮನೆಯಲ್ಲಿ ಹೊಸ ಮಾಂಸದ ಪೈಯೇ ಕ್ಷೇಮ. ಊಟದ ಸಂಗಡ ಒಂದು ಹೋಳು ನಿಂಬೆಹಣ್ಣನ್ನೋ ಹಸಿ ತರಕಾರಿಯ ಕೋಸಂಬರಿಯನ್ನೋ ಇಟ್ಟುಕೊಂಡರೆ ಕಬ್ಬಿಣದ ಅಂಶವು ಮೈಗೆ ಚೆನ್ನಾಗಿ ಹತ್ತುವುದು. ಉಂಡ ಕೂಡಲೇ ಕುಡಿಯುವ ಚಹವು ಅದನ್ನು ತಡೆಯುವುದಾದ ಕಾರಣ ಒಂದು ತಾಸು ಬಿಟ್ಟು ಕುಡಿಯಿರಿ.

ಬಡಿಸುವ ವಿಷಯವಾಗಿ ಒಂದು ಮಾತು. ಪೈಯನ್ನು ಅಡಿಗೆಮನೆಯಲ್ಲಿ ಕೊಯ್ದು ತಟ್ಟೆಗಳಲ್ಲಿ ಹಂಚಿ ತರಬಾರದು. ಹಾಗೆ ಮಾಡಿದರೆ ಹಳೆಯ ಪಂಕ್ತಿಯೇ ಮರಳಿ ಬರುವುದು. ಎಲ್ಲರೂ ಕುಳಿತ ಮೇಲೆ, ಎಲ್ಲರ ಕಣ್ಣೆದುರಿಗೆ, ಪಾತ್ರೆಯಲ್ಲಿಯೇ ಗೀರು ಹಾಕಿ ಕೊಯ್ಯತಕ್ಕದ್ದು. ಆರು ಮಂದಿಯ ಪಾತ್ರೆಗೆ ನಾಲ್ಕು ಮೂಲೆಗಳಿರುವುವು. ಹೆಚ್ಚು ಕೆಂಪಾಗಿ ಗರಿಗರಿಯಾಗುವ ಆ ಮೂಲೆಗಳಿಗಾಗಿ ಜಗಳವಾಗದ ಮನೆಯನ್ನು ನಾವು ಕೇಳಿಲ್ಲ. ನಮ್ಮ ತರಗತಿಯಲ್ಲಿ ಇದಕ್ಕೆ ಸರದಿಯನ್ನು ಮಾಡಿದ್ದೇವೆ: ಹೋದ ವಾರ ನಡುವಿನ ತುಂಡು ತಿಂದವರಿಗೆ ಈ ವಾರ ಮೂಲೆ. ಮನೆಯಲ್ಲಿ ಆ ಸರದಿಯನ್ನು ಆರಂಭಿಸುವಾಗ ಮೊದಲನೆಯ ಮೂಲೆಯನ್ನು ಆ ದಿನ ಆಲೂಗಡ್ಡೆ ಹಿಸುಕಿದವರ ತಟ್ಟೆಗೆ ಹಾಕಿರಿ.